ನಾಲ್ಕು ನಿಮಿಷಕ್ಕೆ ನಿಂತುಹೋಗುವ ಚಿತ್ರ
ಸ್ವಿಚ್, ಮಲ್ಟಿಕಾಸ್ಟ್ ಮತ್ತು ಐಜಿಎಂಪಿ ಸ್ನೂಪಿಂಗ್: ಕಾರ್ಖಾನೆ ಜಾಲ ನೋಡಿಕೊಳ್ಳುವವರಿಗೊಂದು ಕೈಪಿಡಿ

ಕಂಟ್ರೋಲ್ ರೂಮಿನ ಪರದೆಯಲ್ಲಿ ಕ್ಯಾಮೆರಾದ ಚಿತ್ರ ಚೆನ್ನಾಗಿಯೇ ಬರುತ್ತಿರುತ್ತದೆ. ನಾಲ್ಕು ನಿಮಿಷ ದಾಟಿ ಇನ್ನೇನು ಐದಾಗಬೇಕು, ಪರದೆ ಕಪ್ಪಾಗುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಚಿತ್ರ ಮರಳಿ ಬರುತ್ತದೆ. ಅಷ್ಟೇ ಹೊತ್ತು ಇದ್ದು ಮತ್ತೆ ಹೋಗುತ್ತದೆ. ಕ್ಯಾಮೆರಾ ಬದಲಾಯಿಸಿದ್ದಾಯಿತು, ಕೇಬಲ್ ತುದಿ ಹೊಸದಾಗಿ ಕ್ರಿಂಪ್ ಮಾಡಿದ್ದಾಯಿತು, ಸಾಫ್ಟ್‌ವೇರ್ ಕಂಪನಿಗೆ ಫೋನೂ ಆಯಿತು. ದೋಷ ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಇಂಥ ದೋಷಕ್ಕೆ ಬಹಳಷ್ಟು ಸಲ ಕಾರಣ ಒಂದೇ: ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಆಗಿದೆ, ಆದರೆ ಆ ಜಾಲದಲ್ಲಿ ಕ್ವೇರಿಯರ್ ಇಲ್ಲ. ಈ ಎರಡು ಹೆಸರುಗಳ ಹಿಂದಿನ ಕೆಲಸ ತಿಳಿದರೆ ಇಡೀ ದಿನದ ಅಲೆದಾಟ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಪುಣೆ ಜಿಲ್ಲೆಯ ಮಾವಳ ತಾಲೂಕಿನ ತಳೇಗಾಂವ ದಾಭಾಡೆಯಂಥ ಊರಿನಲ್ಲಿ ಇದು ದಿನದ ಹೊಟ್ಟೆಪಾಡಿಗೆ ಸಂಬಂಧಿಸಿದ ಮಾತು. ಸ್ವದೇಶಿ ಚಳವಳಿಯ ಕಾಲಕ್ಕೇ ಪೈಸಾ ಫಂಡ್ ಗಾಜಿನ ಕಾರ್ಖಾನೆ ಕಂಡ ಊರಿದು. ಈಗ ಇದರ ಸುತ್ತ ಎಂಐಡಿಸಿ ಕೈಗಾರಿಕಾ ಪ್ರದೇಶ ಹಬ್ಬಿದೆ. ಜೆಸಿಬಿಯ ಘಟಕ ಇಲ್ಲಿದೆ. ಜನರಲ್ ಮೋಟರ್ಸ್ 2008ರಲ್ಲಿ ತೆರೆದು 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿದ ಕಾರು ಕಾರ್ಖಾನೆಯನ್ನು ಕೊಳ್ಳಲು ಹ್ಯುಂಡೈ 2023ರಲ್ಲಿ ಒಪ್ಪಂದ ಮಾಡಿಕೊಂಡಿತು. ಪೂರ್ವಕ್ಕೆ ಹೊರಳಿದರೆ ಚಾಕಣದ ವಾಹನ ಕಾರ್ಖಾನೆಗಳ ಸಾಲು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಹಾದು ಬರುವ 48ನೇ ರಾಷ್ಟ್ರೀಯ ಹೆದ್ದಾರಿಯೇ ಪುಣೆ ದಾಟಿ ಈ ಊರಿನ ಪಕ್ಕದಿಂದ ಮುಂಬೈ ಕಡೆಗೆ ಹೋಗುತ್ತದೆ. ಅದೇ ದಾರಿಯಲ್ಲಿ ಬಂದ ಉತ್ತರ ಕರ್ನಾಟಕದ ಐಟಿಐ, ಡಿಪ್ಲೊಮಾ ಹುಡುಗರು ಪುಣೆ ಸುತ್ತಲಿನ ಮೇಂಟೆನೆನ್ಸ್ ವಿಭಾಗಗಳಲ್ಲಿ ದುಡಿಯುತ್ತಿದ್ದಾರೆ. ಮೋಟಾರು, ಪ್ಯಾನೆಲ್ ನೋಡಿಕೊಳ್ಳಲು ಬಂದವರ ಕೈಗೆ ಇಂದು ನೆಟ್‌ವರ್ಕ್ ಸ್ವಿಚ್ಚೂ ಬಂದಿದೆ. ಏಕೆಂದರೆ ಪಿಎಲ್‌ಸಿ, ಡ್ರೈವ್, ರೋಬೋ, ಬಾರ್‌ಕೋಡ್ ಸ್ಕ್ಯಾನರ್, ಕ್ಯಾಮೆರಾ ಎಲ್ಲವೂ ಒಂದೇ ಬಗೆಯ ಈಥರ್ನೆಟ್ ಕೇಬಲ್ಲಿಗೆ ಜೋತುಬಿದ್ದಿವೆ.

ಒಬ್ಬರಿಗೆ, ಎಲ್ಲರಿಗೆ, ಬೇಕಾದವರಿಗೆ

ಜಾಲದಲ್ಲಿ ಮಾಹಿತಿ ಕಳಿಸಲು ಮೂರು ದಾರಿಗಳಿವೆ. ಒಬ್ಬರಿಗೆ ಮಾತ್ರ ಕಳಿಸಿದರೆ ಯೂನಿಕಾಸ್ಟ್. ಜಾಲದಲ್ಲಿರುವ ಎಲ್ಲರಿಗೂ ಕಳಿಸಿದರೆ ಬ್ರಾಡ್‌ಕಾಸ್ಟ್. ಬೇಕು ಎಂದು ಹೆಸರು ಕೊಟ್ಟವರಿಗೆ ಮಾತ್ರ ಒಂದೇ ಸಲ ಕಳಿಸಿದರೆ ಮಲ್ಟಿಕಾಸ್ಟ್.

ವ್ಯತ್ಯಾಸ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಐಪಿ ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ವಿಡಿಯೊ ಕಳಿಸುತ್ತದೆ ಎಂದುಕೊಳ್ಳಿ. ಸೆಕ್ಯುರಿಟಿ ಗೇಟ್, ಕಂಟ್ರೋಲ್ ರೂಮ್, ಪ್ಲಾಂಟ್ ಹೆಡ್ ಕೋಣೆ, ರೆಕಾರ್ಡರ್ ಹೀಗೆ ನಾಲ್ಕು ಕಡೆ ಅದನ್ನು ನೋಡಬೇಕು. ಯೂನಿಕಾಸ್ಟ್ ಆದರೆ ಕ್ಯಾಮೆರಾ ಅದೇ ಚಿತ್ರದ ನಾಲ್ಕು ಪ್ರತಿ ಮಾಡಿ 16 ಮೆಗಾಬಿಟ್ ಹೊರಹಾಕಬೇಕು. ನೋಡುವವರು ಇಪ್ಪತ್ತಾದರೆ 80 ಮೆಗಾಬಿಟ್. ಕ್ಯಾಮೆರಾದ ಪುಟ್ಟ ಪ್ರೊಸೆಸರ್ ಅಷ್ಟರೊಳಗೆ ಕೈ ಎತ್ತಿರುತ್ತದೆ. ಮಲ್ಟಿಕಾಸ್ಟ್ ಆದರೆ ನೋಡುವವರು ಎಷ್ಟೇ ಇರಲಿ, ಕ್ಯಾಮೆರಾದಿಂದ ಹೊರಡುವುದು 4 ಮೆಗಾಬಿಟ್ ಮಾತ್ರ. ಪ್ರತಿ ಮಾಡುವ ಕೆಲಸ ಸ್ವಿಚ್‌ನದು.

ಮಲ್ಟಿಕಾಸ್ಟ್‌ನ ನ್ಯಾಯ ದೇಶಕ್ಕೆಲ್ಲ ಗೊತ್ತಾದದ್ದು ಷೇರುಪೇಟೆಯ ಒಂದು ಪ್ರಕರಣದಿಂದ. ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ತನ್ನ ಕೊಲೊಕೇಶನ್ ಕೇಂದ್ರದಲ್ಲಿ, ಅಂದರೆ ತನ್ನ ಆವರಣದಲ್ಲೇ, ಸರ್ವರ್ ಇಟ್ಟುಕೊಂಡ ದಲ್ಲಾಳಿಗಳಿಗೆ ಕ್ಷಣಕ್ಷಣದ ದರವನ್ನು ಮೊದಲು ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ, ಟಿಸಿಪಿ ಸಂಪರ್ಕದ ಮೂಲಕ ಕಳಿಸುತ್ತಿತ್ತು. ಬೆಳಿಗ್ಗೆ ಮೊದಲು ಲಾಗಿನ್ ಆದವರಿಗೆ ಮೊದಲು ದರ ತಲುಪುವ ಅನುಕೂಲ ಇದರಿಂದ ಸಿಕ್ಕಿತು ಎಂಬುದು ವಿವಾದದ ತಿರುಳು. ಷೇರುಪೇಟೆಯ ನಿಯಂತ್ರಕ ಸೆಬಿ 2019ರ ಏಪ್ರಿಲ್ 30ರ ಆದೇಶದಲ್ಲಿ 624.89 ಕೋಟಿ ರೂಪಾಯಿಯನ್ನು ಬಡ್ಡಿಸಮೇತ ಕಟ್ಟುವಂತೆ ಎನ್‌ಎಸ್‌ಇಗೆ ಹೇಳಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ 100 ಕೋಟಿಗೆ ಇಳಿಸಿತು. ಅಷ್ಟರಲ್ಲಾಗಲೇ ವಿನಿಮಯ ಕೇಂದ್ರ ಮಲ್ಟಿಕಾಸ್ಟ್‌ಗೆ ಹೊರಳಿತ್ತು. ಒಂದೇ ಪ್ಯಾಕೆಟ್ ಹೊರಡುತ್ತದೆ, ಸ್ವಿಚ್ ಅದನ್ನು ಎಲ್ಲ ಬೇಡಿಕೆದಾರರ ಪೋರ್ಟಿಗೂ ಪ್ರತಿ ಮಾಡುತ್ತದೆ. ಲಾಗಿನ್ ಸರದಿಗೆ ಅಲ್ಲಿ ಬೆಲೆಯಿಲ್ಲ.

ವಿಳಾಸದ ಲೆಕ್ಕ

ಮಲ್ಟಿಕಾಸ್ಟ್‌ಗೆ ಮೀಸಲಾದ ಐಪಿ ವಿಳಾಸಗಳು 224.0.0.0ರಿಂದ 239.255.255.255ರವರೆಗೆ. ಇವು ಯಾವ ಯಂತ್ರದ ವಿಳಾಸವೂ ಅಲ್ಲ, ಗುಂಪಿನ ವಿಳಾಸ. ಕ್ಯಾಮೆರಾ 239.16.9.5 ಎಂಬ ಗುಂಪಿಗೆ ವಿಡಿಯೊ ಕಳಿಸುತ್ತದೆ. ನೋಡಬೇಕೆನ್ನುವವರು ಆ ಗುಂಪಿಗೆ ಸೇರುತ್ತಾರೆ. ಯಾರು ಸೇರಿದ್ದಾರೆ ಎಂಬುದು ಕ್ಯಾಮೆರಾಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಈ ವ್ಯವಸ್ಥೆಗೆ ರೂಪ ಕೊಟ್ಟವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಸ್ಟೀವ್ ಡೀರಿಂಗ್. 1989ರ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 1112 ಎಂಬ ಅಂತರ್ಜಾಲದ ತಾಂತ್ರಿಕ ದಾಖಲೆ ಇಂದಿಗೂ ಐಪಿ ಮಲ್ಟಿಕಾಸ್ಟ್‌ನ ತಳಹದಿ. ಐಪಿ ಗುಂಪನ್ನು ಈಥರ್ನೆಟ್‌ನ ಮ್ಯಾಕ್ ವಿಳಾಸಕ್ಕೆ ಹೊಂದಿಸುವಾಗ 01:00:5ಇ ಎಂದು ಶುರುವಾಗುವ ಒಂದು ಕಟ್ಟು ಗೊತ್ತುಮಾಡಲಾಯಿತು. ಐಪಿ ಗುಂಪಿನಲ್ಲಿ ಬದಲಾಗುವ ಬಿಟ್‌ಗಳು 28. ಮ್ಯಾಕ್ ವಿಳಾಸದಲ್ಲಿ ಸಿಕ್ಕ ಜಾಗ 23 ಬಿಟ್ ಮಾತ್ರ. ಡೀರಿಂಗ್ ಹದಿನಾರು ಕಟ್ಟು ಬಯಸಿದ್ದರು, ಕೊಳ್ಳಲು ದುಡ್ಡು ಸಾಲದೆ ಅರ್ಧ ಕಟ್ಟಿಗೆ ತೃಪ್ತಿಪಡಬೇಕಾಯಿತು ಎಂಬ ಕಥೆ ನೆಟ್‌ವರ್ಕ್ ಎಂಜಿನಿಯರ್‌ಗಳ ನಡುವೆ ಪ್ರಸಿದ್ಧ. ಅದರ ಫಲ ಇಂದಿಗೂ ಉಳಿದಿದೆ: 32 ಬೇರೆ ಬೇರೆ ಐಪಿ ಗುಂಪುಗಳು ಒಂದೇ ಮ್ಯಾಕ್ ವಿಳಾಸಕ್ಕೆ ಬಂದು ಬೀಳುತ್ತವೆ. 239.16.9.5, 239.144.9.5, 224.16.9.5 ಮೂರಕ್ಕೂ ಮ್ಯಾಕ್ ಒಂದೇ, 01:00:5ಇ:10:09:05. ಮ್ಯಾಕ್ ನೋಡಿ ದಾರಿ ಹೇಳುವ ಸ್ವಿಚ್‌ಗೆ ಇವು ಬೇರೆ ಎಂದು ಕಾಣುವುದೇ ಇಲ್ಲ.

ಸ್ವಿಚ್ ಏಕೆ ಎಲ್ಲೆಡೆ ಸುರಿಯುತ್ತದೆ?

ಸ್ವಿಚ್ ತನ್ನ ಪೋರ್ಟಿಗೆ ಬಂದ ಫ್ರೇಮ್ ಯಾವ ಮ್ಯಾಕ್ ವಿಳಾಸದಿಂದ ಹೊರಟಿದೆ ಎಂದು ನೋಡಿಕೊಂಡು, ಆ ಯಂತ್ರ ಈ ಪೋರ್ಟಿನಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಮುಂದೆ ಆ ಯಂತ್ರಕ್ಕೆ ಬರುವ ಫ್ರೇಮ್ ಅದೇ ಪೋರ್ಟಿಗೆ ಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದ ವಿಳಾಸಕ್ಕೆ ಫ್ರೇಮ್ ಬಂದರೆ, ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಕಳಿಸುತ್ತದೆ.

ಮಲ್ಟಿಕಾಸ್ಟ್‌ನ ಸಂಕಟ ಇಲ್ಲಿಯೇ ಇದೆ. ಗುಂಪಿನ ವಿಳಾಸದಿಂದ ಯಾವ ಫ್ರೇಮೂ ಹೊರಡುವುದಿಲ್ಲ; ಗುಂಪಿನ ವಿಳಾಸಕ್ಕೆ ಬರುವುದು ಮಾತ್ರ. ಹಾಗಾಗಿ ಸ್ವಿಚ್ ಅದನ್ನು ಎಂದಿಗೂ ಕಲಿಯಲಾರದು. ಪರಿಣಾಮ, ಮಲ್ಟಿಕಾಸ್ಟ್ ಎಂಬುದು ಬ್ರಾಡ್‌ಕಾಸ್ಟ್‌ನಂತೆಯೇ ಎಲ್ಲ ಪೋರ್ಟುಗಳಿಗೂ ಸುರಿಯುತ್ತದೆ.

ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಒಂದು ಶೆಡ್ಡಿನಲ್ಲಿ 40 ಕ್ಯಾಮೆರಾಗಳು ಮಲ್ಟಿಕಾಸ್ಟ್ ಕಳಿಸುತ್ತಿವೆ. ಒಟ್ಟು 160 ಮೆಗಾಬಿಟ್. ಕ್ಯಾಮೆರಾಗಳ ಸ್ವಂತ ಪೋರ್ಟು ಸಾಮಾನ್ಯವಾಗಿ 100 ಮೆಗಾಬಿಟ್‌ನದು. ಆ ಪೋರ್ಟಿನೊಳಗೆ ಉಳಿದ 39 ಕ್ಯಾಮೆರಾಗಳ ವಿಡಿಯೊ ನುಗ್ಗಲು ಹೊರಟರೆ ದಾರಿ ಕಟ್ಟಿಹೋಗುತ್ತದೆ. ಅದೇ ಜಾಲದ ಪ್ರಿಂಟರ್, ಬಯೋಮೆಟ್ರಿಕ್ ಹಾಜರಿ ಯಂತ್ರ, ಪಿಎಲ್‌ಸಿಗಳೂ ತಮಗೆ ಸಂಬಂಧವಿಲ್ಲದ ಪ್ಯಾಕೆಟ್‌ಗಳಲ್ಲಿ ಮುಳುಗುತ್ತವೆ.

ಯಂತ್ರಗಳ ಜಾಲದಲ್ಲಿ ಗಾತ್ರಕ್ಕಿಂತ ಎಣಿಕೆ ತೊಂದರೆ ಕೊಡುತ್ತದೆ. ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಈಥರ್ನೆಟ್/ಐಪಿ ಎಂಬ ಪದ್ಧತಿಯಲ್ಲಿ ಇನ್‌ಪುಟ್-ಔಟ್‌ಪುಟ್ ಮಾಹಿತಿ ಮಲ್ಟಿಕಾಸ್ಟ್ ಆಗಿ ಹೋಗಬಹುದು. 10 ಮಿಲಿಸೆಕೆಂಡಿಗೊಮ್ಮೆ ಕಳಿಸುವ ಸಾಧನ ಸೆಕೆಂಡಿಗೆ 100 ಪ್ಯಾಕೆಟ್ ಹೊರಹಾಕುತ್ತದೆ. ಇಂಥ 50 ಸಾಧನಗಳಿದ್ದರೆ 5,000 ಪ್ಯಾಕೆಟ್. ಒಂದೊಂದೂ ಚಿಕ್ಕದೇ. ಆದರೆ ಡ್ರೈವ್‌ನೊಳಗಿನ ಸಣ್ಣ ಪ್ರೊಸೆಸರ್ ಪ್ರತಿಯೊಂದನ್ನೂ ಎತ್ತಿ ನೋಡಿ, ತನ್ನದಲ್ಲ ಎಂದು ಬಿಸಾಡಬೇಕು. ಆ ಗಡಿಬಿಡಿಯಲ್ಲಿ ತನಗೆ ಬರಬೇಕಾದ ಪ್ಯಾಕೆಟ್ ತಪ್ಪಿದರೆ ಲೈನ್ ನಿಲ್ಲುತ್ತದೆ, ಪರದೆಯ ಮೇಲೆ ಕಮ್ಯುನಿಕೇಶನ್ ಲಾಸ್ ಎಂದು ಮೂಡುತ್ತದೆ.

ಸೇರುತ್ತೇನೆ, ಇದ್ದೇನೆ, ಹೊರಟೆ

ಗುಂಪಿಗೆ ಸೇರುವವರು ಅದನ್ನು ಹೇಳಬೇಕಲ್ಲ. ಆ ಮಾತುಕತೆಯೇ ಐಜಿಎಂಪಿ. ಮೂಲತಃ ಇದು ಯಂತ್ರ ಮತ್ತು ರೂಟರ್ ನಡುವಿನದು. ಮುಖ್ಯವಾಗಿ ಮೂರು ಬಗೆಯ ಸಂದೇಶ.

ಕ್ವೇರಿ: ರೂಟರ್ ಆಗಾಗ 224.0.0.1ಕ್ಕೆ, ಅಂದರೆ ಜಾಲದ ಎಲ್ಲರಿಗೂ, ಯಾರ್ಯಾರು ಯಾವ ಗುಂಪಿನಲ್ಲಿದ್ದೀರಿ ಎಂದು ಕೇಳುತ್ತದೆ.

ರಿಪೋರ್ಟ್: ಯಂತ್ರ ತಾನು ಇಂಥ ಗುಂಪಿನಲ್ಲಿದ್ದೇನೆ ಎನ್ನುತ್ತದೆ. ಹೊಸದಾಗಿ ಸೇರುವಾಗ ಕೇಳದೆಯೂ ಹೇಳುತ್ತದೆ.

ಲೀವ್: ಇನ್ನು ಬೇಡ, ಹೊರಟೆ ಎನ್ನುತ್ತದೆ.

1989ರ ಮೊದಲ ಆವೃತ್ತಿಯಲ್ಲಿ ಲೀವ್ ಇರಲಿಲ್ಲ. 1997ರ ಎರಡನೆಯ ಆವೃತ್ತಿಯಲ್ಲಿ ಅದು ಸೇರಿತು. 2002ರ ಮೂರನೆಯ ಆವೃತ್ತಿಯಲ್ಲಿ ಗುಂಪಿನ ಜತೆಗೆ ಯಾರು ಕಳಿಸಿದ್ದು ಬೇಕು ಎಂದೂ ಹೇಳಬಹುದು. ಹಳೆಯ ಆವೃತ್ತಿಗಳಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಪಕ್ಕದ ಯಂತ್ರ ಅದೇ ಗುಂಪಿಗೆ ರಿಪೋರ್ಟ್ ಕೊಟ್ಟದ್ದು ಕಂಡರೆ ಇನ್ನೊಂದು ಯಂತ್ರ ಸುಮ್ಮನಾಗುತ್ತಿತ್ತು. ರೂಟರ್‌ಗೆ ಒಬ್ಬರಾದರೂ ಇದ್ದಾರೆ ಎಂದು ತಿಳಿದರೆ ಸಾಕಿತ್ತು. ಮೂರನೆಯ ಆವೃತ್ತಿ ಈ ಮೌನವನ್ನು ತೆಗೆದುಹಾಕಿತು.

ಸ್ವಿಚ್ ಕದ್ದು ಕೇಳುವ ಬಗೆ

ಈ ಮಾತುಕತೆಯಲ್ಲಿ ಸ್ವಿಚ್‌ಗೆ ಪಾತ್ರವೇ ಇರಲಿಲ್ಲ. ಅದು ಎರಡನೆಯ ಪದರದ ಸಾಧನ, ಮ್ಯಾಕ್ ವಿಳಾಸ ನೋಡುವುದಷ್ಟೇ ಅದರ ಧರ್ಮ. ಆದರೆ ಸಂದೇಶಗಳು ಹಾದುಹೋಗುವುದು ಅದರ ಮೂಲಕವೇ. ಹಾದುಹೋಗುವ ಪ್ಯಾಕೆಟ್‌ನ ಒಳಗೆ ಇಣುಕಿ, ಐಜಿಎಂಪಿ ಇದ್ದರೆ ಓದಿಕೊಂಡು, ಯಾವ ಪೋರ್ಟಿನಲ್ಲಿ ಯಾವ ಗುಂಪಿನವರಿದ್ದಾರೆ ಎಂಬ ಪಟ್ಟಿ ಮಾಡಿಕೊಂಡರೆ? ಇದೇ ಐಜಿಎಂಪಿ ಸ್ನೂಪಿಂಗ್. ತಯಾರಕರು ತಮ್ಮ ತಮ್ಮ ರೀತಿಯಲ್ಲಿ ಮಾಡುತ್ತಿದ್ದ ಈ ಕೆಲಸಕ್ಕೆ 2006ರ ಮೇ ತಿಂಗಳಲ್ಲಿ ಬಂದ ಆರ್‌ಎಫ್‌ಸಿ 4541 ಮಾರ್ಗದರ್ಶಿಯಾಯಿತು. ಅದು ಕಡ್ಡಾಯದ ಮಾನದಂಡವಲ್ಲ, ಶಿಫಾರಸು. ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳು ಬೇರೆ ಬೇರೆಯಾಗಿ ವರ್ತಿಸುವುದಕ್ಕೆ ಇದೂ ಒಂದು ಕಾರಣ.

ಸ್ನೂಪಿಂಗ್ ಆನ್ ಆದ ಸ್ವಿಚ್ ಮಾಡುವ ಕೆಲಸ ಹೀಗಿದೆ.

1. ಕ್ವೇರಿ ಯಾವ ಪೋರ್ಟಿನಿಂದ ಬಂತೋ ಅದನ್ನು ರೂಟರ್ ಪೋರ್ಟ್ ಎಂದು ಗುರುತಿಸುತ್ತದೆ. ಮಲ್ಟಿಕಾಸ್ಟ್ ರೂಟರ್‌ಗಳು ತಮ್ಮೊಳಗೆ ಆಡುವ ಪಿಮ್ ಹಲೋ ಸಂದೇಶ ಬಂದ ಪೋರ್ಟನ್ನೂ ಹಾಗೆಯೇ ಗುರುತಿಸುತ್ತದೆ.

2. ರಿಪೋರ್ಟ್ ಬಂದ ಪೋರ್ಟನ್ನು ಆ ಗುಂಪಿನ ಪಟ್ಟಿಗೆ ಸೇರಿಸುತ್ತದೆ.

3. ಆ ರಿಪೋರ್ಟನ್ನು ರೂಟರ್ ಪೋರ್ಟಿಗೆ ಮಾತ್ರ ಮುಂದೆ ಕಳಿಸುತ್ತದೆ, ಉಳಿದ ಯಂತ್ರಗಳಿಗೆ ಕಾಣಗೊಡುವುದಿಲ್ಲ. ಕಂಡರೆ ಹಳೆಯ ಆವೃತ್ತಿಯ ಯಂತ್ರಗಳು ಸುಮ್ಮನಾಗಿಬಿಟ್ಟು, ಅವುಗಳ ಪೋರ್ಟು ಪಟ್ಟಿಗೆ ಸೇರದೆ ಹೋಗುತ್ತದೆ.

4. ಗುಂಪಿನ ಡೇಟಾ ಬಂದಾಗ ಪಟ್ಟಿಯಲ್ಲಿರುವ ಪೋರ್ಟುಗಳಿಗೆ ಮತ್ತು ರೂಟರ್ ಪೋರ್ಟಿಗೆ ಮಾತ್ರ ಕಳಿಸುತ್ತದೆ.

5. ಲೀವ್ ಬಂದಾಗ ಒಡನೆ ತೆಗೆಯುವುದಿಲ್ಲ. ಆ ಪೋರ್ಟಿನಲ್ಲಿ ಅದೇ ಗುಂಪಿನ ಬೇರೆ ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆ ಒಂದು ಸೆಕೆಂಡಿನ ಅಂತರದಲ್ಲಿ ಎರಡು ಸಲ ಹೋಗುತ್ತದೆ. ಉತ್ತರ ಬಾರದಿದ್ದರೆ ತೆಗೆಯುತ್ತದೆ.

6. 224.0.0.0ರಿಂದ 224.0.0.255ರವರೆಗಿನ ಗುಂಪುಗಳನ್ನು ಮುಟ್ಟುವುದಿಲ್ಲ, ಎಲ್ಲೆಡೆ ಕಳಿಸುತ್ತದೆ. ರೂಟಿಂಗ್ ಮುಂತಾದ ಜಾಲದ ಆಡಳಿತದ ಮಾತು ಈ ವಿಳಾಸಗಳಲ್ಲೇ ನಡೆಯುತ್ತದೆ.

ಐಜಿಎಂಪಿ ಸಂದೇಶ ಮಾತ್ರ ಸ್ವಿಚ್‌ನ ಪ್ರೊಸೆಸರ್‌ಗೆ ಹೋಗುತ್ತದೆ; ವಿಡಿಯೊ, ಇನ್‌ಪುಟ್-ಔಟ್‌ಪುಟ್ ಡೇಟಾವೆಲ್ಲ ಚಿಪ್‌ನಲ್ಲೇ ಹಾದುಹೋಗುತ್ತದೆ. ಹಾಗಾಗಿ ಒಳ್ಳೆಯ ಸ್ವಿಚ್‌ನಲ್ಲಿ ಸ್ನೂಪಿಂಗ್‌ನಿಂದ ವೇಗ ಕುಗ್ಗುವುದಿಲ್ಲ.

ಪ್ರಶ್ನೆ ಕೇಳುವವರು ಬೇಕು

ಈಗ ಕಪ್ಪಾದ ಪರದೆಯ ಕಡೆಗೆ ಬರೋಣ. ಸ್ವಿಚ್‌ನ ಪಟ್ಟಿ ಶಾಶ್ವತವಲ್ಲ. ಯಂತ್ರ ಲೀವ್ ಹೇಳದೆಯೇ ಕರೆಂಟ್ ಹೋಗಿ ಸತ್ತಿರಬಹುದು, ಕೇಬಲ್ ಕಿತ್ತಿರಬಹುದು. ಆದ್ದರಿಂದ ಪಟ್ಟಿಯ ಪ್ರತಿ ಹೆಸರಿಗೂ ಅವಧಿ ಇದೆ. ಕ್ವೇರಿ 125 ಸೆಕೆಂಡಿಗೊಮ್ಮೆ ಹೊರಡುತ್ತದೆ, ಉತ್ತರಕ್ಕೆ 10 ಸೆಕೆಂಡು ಗಡುವು. ಒಂದು ಕ್ವೇರಿ ದಾರಿಯಲ್ಲಿ ಕಳೆದುಹೋಗಬಹುದೆಂದು ಎರಡು ಸುತ್ತು ಕಾಯುತ್ತಾರೆ. 125ರ ಎರಡರಷ್ಟು 250, ಅದಕ್ಕೆ 10 ಕೂಡಿಸಿ 260 ಸೆಕೆಂಡು. ಅಂದರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಅಷ್ಟರೊಳಗೆ ಹೊಸ ರಿಪೋರ್ಟ್ ಬಾರದಿದ್ದರೆ ಹೆಸರು ಅಳಿಸಿಹೋಗುತ್ತದೆ.

ಆದರೆ ಯಂತ್ರ ಹೊಸ ರಿಪೋರ್ಟ್ ಕೊಡುವುದು ಯಾವಾಗ? ಯಾರಾದರೂ ಕೇಳಿದಾಗ. ತಳೇಗಾಂವದ ಬಾಡಿಗೆ ಕೋಣೆಗಳಿಗೆ ಡಬ್ಬಿ ಕಳಿಸುವ ಮೆಸ್ಸಿನಲ್ಲಿ ನಾಳೆ ಯಾರ್ಯಾರಿಗೆ ಊಟ ಬೇಕು ಎಂದು ಸಂಜೆ ಕೇಳಿಕೊಂಡು ಬರುವ ಹುಡುಗನೇ ರಜೆ ಹಾಕಿದರೆ, ಅಡುಗೆಯೂ ಆಗಿರುತ್ತದೆ, ಹಸಿದವರೂ ಇರುತ್ತಾರೆ, ಪಟ್ಟಿ ಖಾಲಿಯಾಗಿ ಡಬ್ಬಿ ಮಾತ್ರ ಹೊರಡುವುದಿಲ್ಲ. ಕ್ವೇರಿಯರ್ ಇಲ್ಲದ ಜಾಲದ ಸ್ಥಿತಿ ಇದು. ಸ್ನೂಪಿಂಗ್ ಕದ್ದು ಕೇಳುವುದಷ್ಟೇ. ಆಡುವವರೇ ಇಲ್ಲದಿದ್ದರೆ ಕೇಳಲು ಏನಿದೆ?

ದೊಡ್ಡ ಕಚೇರಿಗಳಲ್ಲಿ ಈ ಕೆಲಸವನ್ನು ಮಲ್ಟಿಕಾಸ್ಟ್ ರೂಟರ್ ಮಾಡುತ್ತದೆ, ಹಾಗಾಗಿ ಯಾರಿಗೂ ಕ್ವೇರಿಯರ್ ನೆನಪಾಗುವುದಿಲ್ಲ. ಕಾರ್ಖಾನೆಯ ಲೈನ್, ಕ್ಯಾಮೆರಾ ಜಾಲಗಳು ಸಾಮಾನ್ಯವಾಗಿ ರೂಟರ್ ಇಲ್ಲದೆ ತಮ್ಮಷ್ಟಕ್ಕೆ ತಾವಿರುತ್ತವೆ. ಇದ್ದರೂ ಲೈನ್ ವಿಸ್ತರಿಸುವಾಗ, ಕಾರ್ಖಾನೆ ಕೈ ಬದಲಾದಾಗ, ಹಳೆಯ ರೂಟರ್ ತೆಗೆದು ಫೈರ್‌ವಾಲ್ ಕೂರಿಸಿದಾಗ ಕ್ವೇರಿಯರ್ ಸದ್ದಿಲ್ಲದೆ ಮಾಯವಾಗುತ್ತದೆ. ಇದಕ್ಕೆಂದೇ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಸ್ನೂಪಿಂಗ್ ಕ್ವೇರಿಯರ್ ಎಂಬ ಸೌಲಭ್ಯವಿದೆ. ಸ್ವಿಚ್ ತಾನೇ ರೂಟರ್ ಸ್ಥಾನದಲ್ಲಿ ನಿಂತು ಪ್ರಶ್ನೆ ಕೇಳುತ್ತದೆ. ಅನೇಕ ಸ್ವಿಚ್‌ಗಳಲ್ಲಿ ಸ್ನೂಪಿಂಗ್ ಕಾರ್ಖಾನೆಯಿಂದಲೇ ಆನ್ ಆಗಿ ಬರುತ್ತದೆ, ಕ್ವೇರಿಯರ್ ಆಫ್ ಆಗಿರುತ್ತದೆ. ತೊಂದರೆಯ ಬೀಜ ಇಲ್ಲಿದೆ.

ಒಂದೇ ಜಾಲದಲ್ಲಿ ಇಬ್ಬರು ಪ್ರಶ್ನಿಸಲು ಹೊರಟರೆ ಜಗಳವಿಲ್ಲ. ಐಪಿ ವಿಳಾಸ ಯಾರದು ಚಿಕ್ಕದೋ ಅವರೇ ಕ್ವೇರಿಯರ್, ಇನ್ನೊಬ್ಬರು ಸುಮ್ಮನಾಗುತ್ತಾರೆ. ಕ್ವೇರಿಯರ್‌ನ ಸದ್ದು 255 ಸೆಕೆಂಡು ಕೇಳಿಸದಿದ್ದರೆ ಎರಡನೆಯವರು ಎದ್ದು ನಿಲ್ಲುತ್ತಾರೆ.

ಜಾಲ ಹೊಂದಿಸುವ ಕ್ರಮ

ಮೊದಲು ಮಲ್ಟಿಕಾಸ್ಟ್ ಬೇಕೇ ಎಂದು ನೋಡಿ. ಕ್ಯಾಮೆರಾದ ಚಿತ್ರ ಒಂದೇ ರೆಕಾರ್ಡರ್‌ಗೆ ಹೋಗಿ, ಎಲ್ಲರೂ ರೆಕಾರ್ಡರ್ ಮೂಲಕವೇ ನೋಡುವುದಾದರೆ ಯೂನಿಕಾಸ್ಟ್ ಸಾಕು. ಹಾಗಿದ್ದರೆ ಕ್ಯಾಮೆರಾದಲ್ಲಿ ಮಲ್ಟಿಕಾಸ್ಟ್ ಆಫ್ ಮಾಡಿ.

ಕ್ಯಾಮೆರಾ ಜಾಲವನ್ನೂ ಯಂತ್ರಗಳ ಜಾಲವನ್ನೂ ಬೇರೆ ಬೇರೆ ವಿಲ್ಯಾನ್‌ಗಳಲ್ಲಿ, ಅಂದರೆ ಸ್ವಿಚ್‌ನೊಳಗೇ ಪ್ರತ್ಯೇಕಿಸಿದ ಜಾಲಗಳಲ್ಲಿ, ಇಡಿ. ಸ್ನೂಪಿಂಗ್ ಕೆಟ್ಟರೂ ಒಂದರ ಪ್ರವಾಹ ಇನ್ನೊಂದಕ್ಕೆ ನುಗ್ಗದು.

ಪ್ರತಿ ವಿಲ್ಯಾನ್‌ಗೂ ಒಂದು ಕ್ವೇರಿಯರ್ ಬೇಕು. ಅದನ್ನು ಜಾಲದ ನಡುವಿನ ಕೋರ್ ಸ್ವಿಚ್‌ನಲ್ಲಿ ಆನ್ ಮಾಡಿ, ಆ ವಿಲ್ಯಾನ್‌ನಲ್ಲಿ ಅದಕ್ಕೊಂದು ಚಿಕ್ಕ ಐಪಿ ವಿಳಾಸ ಕೊಡಿ, ಉದಾಹರಣೆಗೆ 10.20.30.1. ವಿಳಾಸ ಕೊಡದಿದ್ದರೆ ಕೆಲವು ಸ್ವಿಚ್‌ಗಳು 0.0.0.0 ಎಂಬ ಮೂಲದಿಂದ ಪ್ರಶ್ನೆ ಕಳಿಸುತ್ತವೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಾಧನಗಳೂ ಇವೆ. ಕೋರ್ ಎರಡಿದ್ದರೆ ಎರಡನೆಯದರಲ್ಲೂ ಆನ್ ಮಾಡಿ, ವಿಳಾಸ ಮೊದಲನೆಯದಕ್ಕಿಂತ ದೊಡ್ಡದಿರಲಿ.

ಗುಂಪಿನ ವಿಳಾಸ ಆರಿಸುವಾಗ ಎಚ್ಚರ. ಸಂಸ್ಥೆಯ ಒಳಗಿನ ಬಳಕೆಗೆ 239ರಿಂದ ಶುರುವಾಗುವ ವಿಳಾಸಗಳಿವೆ. ಅವುಗಳಲ್ಲಿ 239.0.0 ಮತ್ತು 239.128.0 ಎಂದು ಆರಂಭವಾಗುವವನ್ನು ಮುಟ್ಟಬೇಡಿ. ಅವುಗಳ ಮ್ಯಾಕ್ ವಿಳಾಸ 224.0.0 ಸಾಲಿನ ಆಡಳಿತ ಗುಂಪುಗಳ ಮ್ಯಾಕ್ ವಿಳಾಸವೇ ಆಗುತ್ತದೆ. ಮ್ಯಾಕ್ ನೋಡುವ ಸ್ವಿಚ್ ಅದನ್ನು ಆಡಳಿತದ ಮಾತೆಂದು ತಿಳಿದು ಎಲ್ಲ ಪೋರ್ಟಿಗೂ ಸುರಿಯುತ್ತದೆ, ಸ್ನೂಪಿಂಗ್ ಇದ್ದೂ ಇಲ್ಲದಂತಾಗುತ್ತದೆ. ಪ್ರತಿ ಕ್ಯಾಮೆರಾಗೂ ಬೇರೆ ಗುಂಪು ಕೊಡಿ, ಆ ಗುಂಪುಗಳ ಮ್ಯಾಕ್ ವಿಳಾಸ ಎಲ್ಲಿಯೂ ಮರುಕಳಿಸದಿರಲಿ.

ಯಾರೂ ಹೆಸರು ಕೊಡದ ಗುಂಪಿನ ಡೇಟಾವನ್ನು ಏನು ಮಾಡಬೇಕು ಎಂಬ ಆಯ್ಕೆ ಹಲವು ಸ್ವಿಚ್‌ಗಳಲ್ಲಿದೆ: ಎಲ್ಲೆಡೆ ಕಳಿಸು ಅಥವಾ ಬಿಸಾಡು. ಕ್ಯಾಮೆರಾ ಜಾಲದಲ್ಲಿ ಬಿಸಾಡುವುದೇ ಕ್ಷೇಮ. ಆದರೆ ಕ್ವೇರಿಯರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಇದನ್ನು ಮಾಡಿ. ಕ್ಯಾಮೆರಾ ಹುಡುಕುವ ಸಾಫ್ಟ್‌ವೇರ್ ಬಳಸುವ 239.255.255.250 ಗುಂಪು ಈ ನಿಯಮಕ್ಕೆ ಸಿಕ್ಕಿಬೀಳದಂತೆ ಪರೀಕ್ಷಿಸಿಕೊಳ್ಳಿ.

ಫಾಸ್ಟ್ ಲೀವ್ ಎಂಬ ಸೌಲಭ್ಯ ಆನ್ ಮಾಡಿದರೆ ಲೀವ್ ಬಂದ ಕೂಡಲೇ, ಮರುಪ್ರಶ್ನೆ ಇಲ್ಲದೆ, ಪೋರ್ಟಿಗೆ ಡೇಟಾ ನಿಲ್ಲುತ್ತದೆ. ಪೋರ್ಟಿಗೆ ಒಂದೇ ಯಂತ್ರವಿದ್ದರೆ ಒಳ್ಳೆಯದು. ಅದೇ ಪೋರ್ಟಿನಿಂದ ಸಾದಾ ಸ್ವಿಚ್ ಒಂದನ್ನು ಎಳೆದು ಎರಡು ಮಾನಿಟರ್ ಹಾಕಿದ್ದರೆ, ಒಬ್ಬರು ಚಾನೆಲ್ ಬದಲಾಯಿಸಿದಾಗ ಇನ್ನೊಬ್ಬರ ಚಿತ್ರವೂ ಹೋಗುತ್ತದೆ.

ಪ್ರಾಫಿನೆಟ್ ಬಳಸುವ ಲೈನ್‌ಗಳವರು ಒಂದು ಮಾತು ನೆನಪಿಡಿ. ಅದರ ನೈಜ ಸಮಯದ ಡೇಟಾ ಐಪಿ ಮೇಲೆ ಹೋಗುವುದಿಲ್ಲ, ನೇರವಾಗಿ ಈಥರ್ನೆಟ್ ಮೇಲೆ ಹೋಗುತ್ತದೆ. ಐಜಿಎಂಪಿ ಅದರ ತಂಟೆಗೆ ಬರುವುದೂ ಇಲ್ಲ, ಸಹಾಯಕ್ಕೆ ಬರುವುದೂ ಇಲ್ಲ.

ಲಕ್ಷಣ ನೋಡಿ ಕಾಯಿಲೆ ಹಿಡಿಯುವುದು

ನಾಲ್ಕೈದು ನಿಮಿಷಕ್ಕೆ ಚಿತ್ರ ನಿಲ್ಲುತ್ತದೆ: ಕ್ವೇರಿಯರ್ ಇಲ್ಲ, ಅಥವಾ ಅದರ ಪ್ರಶ್ನೆ ಈ ಸ್ವಿಚ್‌ವರೆಗೆ ತಲುಪುತ್ತಿಲ್ಲ.

ಒಂದೇ ಸ್ವಿಚ್‌ನಲ್ಲಿ ಚಿತ್ರ ಬರುತ್ತದೆ, ಪಕ್ಕದ ಸ್ವಿಚ್‌ನಲ್ಲಿ ಬರುವುದೇ ಇಲ್ಲ: ಇದೂ ಕ್ವೇರಿಯರ್ ಕಾಣೆಯಾದ ಲಕ್ಷಣವೇ. ಪ್ರಶ್ನೆ ಬಾರದಿದ್ದರೆ ರೂಟರ್ ಪೋರ್ಟ್ ಯಾವುದೆಂದು ಸ್ವಿಚ್‌ಗೆ ಗೊತ್ತಾಗುವುದಿಲ್ಲ, ರಿಪೋರ್ಟ್ ಮುಂದಿನ ಸ್ವಿಚ್‌ಗೆ ಹೋಗುವುದಿಲ್ಲ. ಸ್ವಿಚ್‌ಗಳ ನಡುವಿನ ಕೊಂಡಿಯಲ್ಲಿ ಆ ವಿಲ್ಯಾನ್ ಬಿಟ್ಟುಹೋಗಿಲ್ಲವೇ ಎಂದೂ ನೋಡಿ.

ಸ್ನೂಪಿಂಗ್ ಆನ್ ಇದ್ದರೂ ಎಲ್ಲ ಪೋರ್ಟಿನ ದೀಪಗಳೂ ಒಂದೇ ಸಮನೆ ಮಿನುಗುತ್ತವೆ: ಗುಂಪಿನ ವಿಳಾಸ ಆಡಳಿತ ಗುಂಪಿನ ಮ್ಯಾಕ್ ಜತೆ ಡಿಕ್ಕಿಯಾಗಿರಬಹುದು. ಅಥವಾ ನಡುವೆ ಯಾರೋ ಸಾದಾ ಸ್ವಿಚ್ ಹಾಕಿರಬಹುದು; ಅದಕ್ಕೆ ಸ್ನೂಪಿಂಗ್ ಗೊತ್ತಿಲ್ಲ.

ರಿಂಗ್ ಕಡಿದಾಗ ಅಥವಾ ಹೊಸ ಸ್ವಿಚ್ ಸೇರಿಸಿದಾಗ ಕೆಲಹೊತ್ತು ಜಾಲ ಭಾರವಾಗುತ್ತದೆ: ದಾರಿ ಬದಲಾದಾಗ ಯಾರು ಎಲ್ಲಿದ್ದಾರೆ ಎಂಬ ಪಟ್ಟಿ ಹಳತಾಗುತ್ತದೆ, ಹಾಗಾಗಿ ಕೆಲವು ಸ್ವಿಚ್‌ಗಳು ಹೊಸ ಪಟ್ಟಿ ಆಗುವವರೆಗೆ ಉದ್ದೇಶಪೂರ್ವಕವಾಗಿಯೇ ಎಲ್ಲೆಡೆ ಕಳಿಸುತ್ತವೆ. ಅಲ್ಪಕಾಲದ್ದಾದರೆ ಚಿಂತೆ ಬೇಡ. ಪದೇ ಪದೇ ಆಗುತ್ತಿದ್ದರೆ ಯಾವುದೋ ಕೊಂಡಿ ಕಡಿದು ಕೂಡುತ್ತಿದೆ, ಅದನ್ನು ಹುಡುಕಿ.

ಒಂದು ವಿಲ್ಯಾನ್‌ನೊಳಗೆ ಸರಿ, ಇನ್ನೊಂದು ವಿಲ್ಯಾನ್‌ನಿಂದ ನೋಡಲಾಗದು: ಇದು ಸ್ನೂಪಿಂಗ್ ದೋಷವಲ್ಲ. ವಿಲ್ಯಾನ್ ದಾಟಲು ಮಲ್ಟಿಕಾಸ್ಟ್ ರೂಟಿಂಗ್ ಬೇಕು. ಕಳಿಸುವ ಸಾಧನದಲ್ಲಿ ಟಿಟಿಎಲ್, ಅಂದರೆ ರೂಟರ್ ದಾಟುವಾಗಲೆಲ್ಲ ಒಂದೊಂದು ಇಳಿಯುವ ಎಣಿಕೆ, 1 ಎಂದಿದ್ದರೂ ಪ್ಯಾಕೆಟ್ ರೂಟರ್ ದಾಟುವುದಿಲ್ಲ.

ವೈಫೈನಲ್ಲಿ ಚಿತ್ರ ತುಂಡುತುಂಡಾಗುತ್ತದೆ: ವೈಫೈ ಆಕ್ಸೆಸ್ ಪಾಯಿಂಟ್‌ಗಳು ಮಲ್ಟಿಕಾಸ್ಟನ್ನು ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ, ತಲುಪಿದ ಖಾತ್ರಿ ಪಡೆಯದೆ ಕಳಿಸುತ್ತವೆ. ಮಲ್ಟಿಕಾಸ್ಟನ್ನು ಯೂನಿಕಾಸ್ಟ್‌ಗೆ ಬದಲಾಯಿಸುವ ಆಯ್ಕೆ ಇದ್ದರೆ ಆನ್ ಮಾಡಿ.

ಐಪಿವಿ6 ಇರುವ ಜಾಲದಲ್ಲಿ ಸಂಪರ್ಕ ವಿಚಿತ್ರವಾಗಿ ಹೋಗಿಬರುತ್ತದೆ: ಅಲ್ಲಿ ಐಜಿಎಂಪಿ ಜಾಗದಲ್ಲಿ ಎಂಎಲ್‌ಡಿ ಇದೆ. ಐಪಿವಿ6ನಲ್ಲಿ ಬ್ರಾಡ್‌ಕಾಸ್ಟ್ ಇಲ್ಲ, ಪಕ್ಕದ ಯಂತ್ರದ ವಿಳಾಸ ಹುಡುಕುವುದೂ ಮಲ್ಟಿಕಾಸ್ಟ್‌ನಿಂದಲೇ. ಎಂಎಲ್‌ಡಿ ಸ್ನೂಪಿಂಗ್ ಎಡವಿದರೆ ಬರೀ ವಿಡಿಯೊ ಅಲ್ಲ, ಸಂಪರ್ಕವೇ ಕೆಡುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ಲ್ಯಾಪ್‌ಟಾಪನ್ನು ಆ ವಿಲ್ಯಾನ್‌ನ ಒಂದು ಪೋರ್ಟಿಗೆ ಸಿಕ್ಕಿಸಿ, ಉಚಿತವಾಗಿ ಸಿಗುವ ವೈರ್‌ಶಾರ್ಕ್ ತೆರೆದು ಐಜಿಎಂಪಿ ಎಂದು ಸೋಸಿ, ಐದು ನಿಮಿಷ ಕಾಯಿರಿ. 125 ಸೆಕೆಂಡಿಗೊಮ್ಮೆ ಕ್ವೇರಿ ಕಾಣಬೇಕು. ಅದರ ಮೂಲ ವಿಳಾಸ ನೀವು ಬಯಸಿದ ಸ್ವಿಚ್‌ನದೇ ಆಗಿರಬೇಕು. ಕಾಣದಿದ್ದರೆ ಕ್ವೇರಿಯರ್ ಇಲ್ಲ. ಬೇರೆ ವಿಳಾಸ ಕಂಡರೆ ಯಾವುದೋ ಮೂಲೆಯ ಸಾಧನ ಚಿಕ್ಕ ಐಪಿಯ ಬಲದಿಂದ ಆ ಸ್ಥಾನಕ್ಕೇರಿ ಕೂತಿದೆ. ಸೋಸುವುದನ್ನು ತೆಗೆದು ನೋಡಿ: ನೀವು ಕೇಳದ ವಿಡಿಯೊ ನಿಮ್ಮ ಪೋರ್ಟಿಗೆ ಸುರಿಯುತ್ತಿದ್ದರೆ ಸ್ನೂಪಿಂಗ್ ಕೆಲಸ ಮಾಡುತ್ತಿಲ್ಲ. ಬಳಿಕ ಸ್ವಿಚ್‌ನ ವೆಬ್ ಪುಟದಲ್ಲೋ ಕಮಾಂಡ್‌ನಲ್ಲೋ ಗುಂಪುಗಳ ಪಟ್ಟಿ, ರೂಟರ್ ಪೋರ್ಟು, ಕ್ವೇರಿಯರ್ ವಿಳಾಸ ಈ ಮೂರನ್ನೂ ತೆರೆದು ತಾಳೆ ನೋಡಿ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಹೊಸ ಸ್ವಿಚ್ ಕೊಳ್ಳುವಾಗ ಪೋರ್ಟುಗಳ ಸಂಖ್ಯೆ, ಬೆಲೆ ಜತೆಗೆ ನಾಲ್ಕು ಪ್ರಶ್ನೆ ಕೇಳಿ. ಐಜಿಎಂಪಿಯ ಎರಡನೆಯ, ಮೂರನೆಯ ಎರಡೂ ಆವೃತ್ತಿಗಳ ಸ್ನೂಪಿಂಗ್ ಇದೆಯೇ? ಕ್ವೇರಿಯರ್ ಆಗಬಲ್ಲುದೇ? ಎಷ್ಟು ಗುಂಪುಗಳನ್ನು ಪಟ್ಟಿಯಲ್ಲಿ ಇಡಬಲ್ಲುದು? ಪಟ್ಟಿ ತುಂಬಿದರೆ ಹೊಸ ಗುಂಪನ್ನು ಎಲ್ಲೆಡೆ ಸುರಿಯುತ್ತದೋ, ಬಿಸಾಡುತ್ತದೋ? ಕೊನೆಯ ಪ್ರಶ್ನೆಗೆ ಮಾರುವವರು ತಡವರಿಸಿದರೆ ಕೈಪಿಡಿ ತರಿಸಿ ಓದಿ.

ಗುತ್ತಿಗೆದಾರರು ಕೆಲಸ ಮುಗಿಸಿ ಒಪ್ಪಿಸುವಾಗ ಕೊಡುವ ನಕ್ಷೆಯಲ್ಲಿ ಐಪಿ ವಿಳಾಸ, ಪೋರ್ಟ್ ನಂಬರ್ ಎಲ್ಲ ಇರುತ್ತವೆ. ಪ್ರತಿ ವಿಲ್ಯಾನ್‌ನ ಪಕ್ಕದಲ್ಲಿ ಇನ್ನೂ ಎರಡು ಸಾಲು ಬರೆಸಿಕೊಳ್ಳಿ: ಕ್ವೇರಿಯರ್ ಯಾವ ಸ್ವಿಚ್, ಅದು ಬಿದ್ದರೆ ಎರಡನೆಯದು ಯಾವುದು. ಬಳಿಕ ಉತ್ಪಾದನೆ ಇಲ್ಲದ ಒಂದು ಭಾನುವಾರ ಮೊದಲನೆಯದನ್ನು ಆಫ್ ಮಾಡಿ, ಐದು ನಿಮಿಷ ದಾಟಿದ ಮೇಲೂ ಚಿತ್ರ ನಿಲ್ಲದೆ ಬರುತ್ತದೆಯೇ ಎಂದು ಗಡಿಯಾರ ಹಿಡಿದು ನೋಡಿ. ಬಂದರೆ ಬಿಲ್ಲಿಗೆ ಸಹಿ ಹಾಕಿ.